ಔಷಧಿ ಎರಚುವ ಮುನ್ನ ಕೆಸರು ತೊಳೆದು ನೋಡಿ

ನಾಟಿಯಾಗಿ ಹದಿನೈದು–ಇಪ್ಪತ್ತು ದಿನಗಳಾಗಿರುತ್ತವೆ. ಮೇಲುಗೊಬ್ಬರಕ್ಕೆಂದು ಯೂರಿಯಾ ಚೀಲ ಬಿಚ್ಚಿದಾಗ ಅದರ ಜೊತೆಗೇ ಹರಳು ಔಷಧಿಯನ್ನೂ ಬೆರೆಸಿ ಎರಚಿಬಿಡುವುದು ನಮ್ಮ ಭತ್ತದ ಸೀಮೆಗಳಲ್ಲಿ ಬೇರುಬಿಟ್ಟ ವಾಡಿಕೆ. ಗದ್ದೆಯಲ್ಲಿ ಹುಳು ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಿದವರು ಕಡಿಮೆ. ಮುಂದೆ ಬಂದೀತೆಂಬ ಅಂಜಿಕೆಗೆ ಹಾಕುವ ಔಷಧಿ ಅದು.

ಒಮ್ಮೆ ಲೆಕ್ಕ ಹಾಕಿ ನೋಡಿ. ಶೇ 3ರ ಕಾರ್ಬೋಫ್ಯುರಾನ್ ಹರಳನ್ನು ಎಕರೆಗೆ 10 ಕಿಲೊ ಎರಚಿದರೆ ಅದರಲ್ಲಿರುವ ಅಸಲು ವಿಷ 300 ಗ್ರಾಂ. ಎಕರೆ ಗದ್ದೆಯಲ್ಲಿ ಎರಡು ಅಂಗುಲ ನೀರು ನಿಂತಿದ್ದರೆ ಅದು ಸುಮಾರು 2 ಲಕ್ಷ ಲೀಟರ್. ಹರಳು ಪೂರ್ತಿ ಕರಗಿತು ಎಂದಿಟ್ಟುಕೊಂಡರೆ ಲೀಟರಿಗೆ ಒಂದೂವರೆ ಮಿಲಿಗ್ರಾಂ ವಿಷ. ಪ್ರಯೋಗಾಲಯಗಳಲ್ಲಿ ವಿಷದ ಪರೀಕ್ಷೆಗೆ ಬಳಸುವ ನೀರುಚಿಗಟ (ಡಾಫ್ನಿಯಾ) ಎಂಬ ಪುಟ್ಟ ಜಲಜೀವಿಗಳಲ್ಲಿ ಅರ್ಧದಷ್ಟು ಎರಡು ದಿನಗಳಲ್ಲಿ ಸಾಯುವುದಕ್ಕೆ ಇದರ ನೂರರಲ್ಲಿ ಎರಡು–ಮೂರು ಪಾಲು ಸಾಕು. ಗುರಿ ಇಟ್ಟದ್ದು ಕಾಂಡದೊಳಗಿನ ಹುಳುವಿಗೆ. ಏಟು ಮೊದಲು ಬಿದ್ದದ್ದು ಕೆಸರಿಗೆ.

ಹಾಗೆಂದು ‘ಕೀಟನಾಶಕ ಹಾಕಿದರೆ ಮಣ್ಣೇ ಸತ್ತುಹೋಗುತ್ತದೆ’ ಎಂಬ ಭಾಷಣದ ಮಾತನ್ನು ನಾನು ಒಪ್ಪುವುದಿಲ್ಲ. ಶಿಫಾರಸು ಮಾಡಿದ ಪ್ರಮಾಣದಲ್ಲಿ ಬಳಸಿದಾಗ ಬ್ಯಾಕ್ಟೀರಿಯಾಗಳಂಥ ಸೂಕ್ಷ್ಮಜೀವಿಗಳ ಮೇಲಿನ ಪೆಟ್ಟು ಸಾಮಾನ್ಯವಾಗಿ ಕೆಲವು ವಾರಗಳದ್ದು, ಅವು ಚೇತರಿಸಿಕೊಳ್ಳುತ್ತವೆ. ಕೆಲವಂತೂ ವಿಷವನ್ನೇ ಉಣ್ಣಲು ಕಲಿಯುತ್ತವೆ. ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಭಾರತೀಯ ವಿಜ್ಞಾನಿ ಎನ್. ಸೇತುನಾಥನ್ ಮತ್ತು ಜಪಾನಿನ ಟಿ. ಯೋಶಿಡಾ 1970ರ ದಶಕದ ಆರಂಭದಲ್ಲಿ ಇದನ್ನು ತೋರಿಸಿಕೊಟ್ಟರು. ಡಯಾಜಿನಾನ್ ಎಂಬ ಕೀಟನಾಶಕವನ್ನು ಮತ್ತೆ ಮತ್ತೆ ಹಾಕಿದ ಗದ್ದೆಯ ನೀರಿನಲ್ಲಿ ಆ ವಿಷವನ್ನು ಒಡೆದು ಬದುಕುವ ಬ್ಯಾಕ್ಟೀರಿಯಾ ಸಿಕ್ಕಿತ್ತು. ಒಂದೇ ಔಷಧಿಯನ್ನು ಹಂಗಾಮಿನಿಂದ ಹಂಗಾಮಿಗೆ ಸುರಿದರೆ ಅದು ಬೇಗ ಬೇಗ ಕೆಲಸ ನಿಲ್ಲಿಸುವುದಕ್ಕೆ ಇದೂ ಒಂದು ಕಾರಣ. ನಿಜವಾಗಿ ಸಾಯುವುದು ಕಣ್ಣಿಗೆ ಕಾಣುವ, ಇಲ್ಲವೆ ಮಸೂರದಲ್ಲಿ ಕಾಣುವ ಪ್ರಾಣಿಗಳು. ಆದ್ದರಿಂದಲೇ ಈ ನಷ್ಟವನ್ನು ಪ್ರಯೋಗಾಲಯವಿಲ್ಲದೆ ರೈತರೇ ಅಳೆಯಬಹುದು. ಬೇಕಾಗುವ ಸಾಮಾನು: ನಾಲ್ಕು ಅಂಗುಲ ವ್ಯಾಸದ ಪಿವಿಸಿ ಪೈಪಿನ ಒಂದು ಅಡಿ ತುಂಡು, ಸೊಳ್ಳೆಪರದೆಯ ಬಟ್ಟೆ, ಬಿಳಿ ತಟ್ಟೆ, ಒಂದು ಭೂತಗನ್ನಡಿ, ರಬ್ಬರ್ ಕೈಗವಸು, ಒಂದು ನೋಟ್‌ಬುಕ್.

ಹಂತ 1: ಎರಡು ತುಂಡು ಗದ್ದೆ ಗೊತ್ತುಮಾಡಿ

ಅಕ್ಕಪಕ್ಕದಲ್ಲಿ ಒಂದೊಂದು ಗುಂಟೆಯ ಎರಡು ತುಂಡು ಸಾಕು. ತಳಿ, ನಾಟಿಯ ದಿನ, ಗೊಬ್ಬರ ಎಲ್ಲವೂ ಎರಡರಲ್ಲೂ ಒಂದೇ ಇರಬೇಕು. ಒಂದಕ್ಕೆ ನಿಮ್ಮ ವಾಡಿಕೆಯ ಔಷಧಿ, ಇನ್ನೊಂದಕ್ಕೆ ಏನೂ ಬೇಡ. ನಡುವಿನ ಬದುವಿಗೆ ಕೆಸರು ಮೆತ್ತಿ ಗಟ್ಟಿ ಮಾಡಿ. ಏಡಿ ಬಿಲ ಒಂದಿದ್ದರೂ ನೀರು ಆ ಕಡೆಯಿಂದ ಈ ಕಡೆಗೆ ಇಳಿದು ಲೆಕ್ಕವೆಲ್ಲ ಕೆಡುತ್ತದೆ. ಔಷಧಿ ಹಾಕದ ತುಂಡು ನೀರು ಬರುವ ಕಡೆಗೆ, ಅಂದರೆ ಮೇಲ್ಗಡೆ ಇರಲಿ.

ಒಂದು ಗುಂಟೆ ಎಂದರೆ ಎಕರೆಯ ನಲವತ್ತನೆಯ ಪಾಲು. ಅಷ್ಟನ್ನೂ ಹುಳು ತಿಂದರೂ ಮನೆ ಮುಳುಗುವುದಿಲ್ಲ. ಆದರೆ ಅಕ್ಕಪಕ್ಕದ ಗದ್ದೆಗಳ ಮಣ್ಣೂ ಹುಟ್ಟಿನಿಂದಲೇ ಬೇರೆಯಾಗಿರಬಹುದು. ಹಾಗಾಗಿ ಔಷಧಿ ಹಾಕುವ ಮೊದಲೇ ಎರಡೂ ತುಂಡುಗಳಲ್ಲಿ ಒಮ್ಮೆ ಎಣಿಸಿಕೊಳ್ಳುವುದು ಕಡ್ಡಾಯ. ಈ ಮೊದಲ ಎಣಿಕೆ ಇಲ್ಲದಿದ್ದರೆ ಉಳಿದುದೆಲ್ಲ ಹರಟೆ.

ಹಂತ 2: ಕೆಸರು ತೆಗೆಯಿರಿ, ತೊಳೆಯಿರಿ

ಬೆಳಗಿನ ಹೊತ್ತು ನೀರು ಕದಡಿರುವುದಿಲ್ಲ. ಪೈಪನ್ನು ಎರಡು ಭತ್ತದ ಬುಡಗಳ ನಡುವೆ ನೇರವಾಗಿ ನಿಲ್ಲಿಸಿ, ತಿರುಗಿಸುತ್ತ ನಾಲ್ಕು ಅಂಗುಲ ಆಳಕ್ಕೆ ಒತ್ತಿ. ಪೈಪಿನೊಳಗಿನ ನೀರನ್ನು ಲೋಟದಿಂದ ಮೊಗೆದು ಬೇರೆ ಇಡಿ. ಕೈಯನ್ನು ಕೆಳಗಿನಿಂದ ತೂರಿಸಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಪೈಪನ್ನು ಮೇಲೆತ್ತಿ, ಕೆಸರನ್ನು ಬಕೆಟ್ಟಿಗೆ ಸುರಿಯಿರಿ. ಹೀಗೆ ಪ್ರತಿ ತುಂಡಿನಲ್ಲಿ ಹತ್ತು ಕಡೆ. ಬದುವಿನಿಂದ ಎರಡು ಮಾರು ಒಳಗಿರಲಿ. ಅಂಚಿನ ಕೆಸರಿನ ಜೀವಸಂಕುಲವೇ ಬೇರೆ.

ಬಕೆಟ್ಟಿಗೆ ನೀರು ಸೇರಿಸಿ ಕೈಯಿಂದ ಮೆಲ್ಲಗೆ ಕದಡಿ, ಸೊಳ್ಳೆಪರದೆಯನ್ನು ಎರಡು ಪದರ ಮಡಿಸಿ ಸೋಸಿ. ಹಿಂಡಬೇಡಿ, ಹುಳು ತುಂಡಾಗುತ್ತವೆ. ಬಟ್ಟೆಯಲ್ಲಿ ಉಳಿದದ್ದನ್ನು ಬಿಳಿ ತಟ್ಟೆಗೆ ಹಾಕಿ, ಅರ್ಧ ಅಂಗುಲ ನೀರು ನಿಲ್ಲಿಸಿ, ಐದು ನಿಮಿಷ ಸುಮ್ಮನಿರಿ. ಕಸ ತಳ ಸೇರಿದ ಮೇಲೆ ಜೀವವಿರುವುದು ತಾನಾಗಿ ಅಲುಗುತ್ತದೆ. ಹತ್ತು ಪೈಪಿನ ಒಟ್ಟು ಎಣಿಕೆಯನ್ನು 12ರಿಂದ ಗುಣಿಸಿದರೆ ಒಂದು ಚದರ ಮೀಟರಿನ ಅಂದಾಜು ಸಿಗುತ್ತದೆ.

ಔಷಧಿ ಹಾಕಿದ ತುಂಡಿನ ಕೆಸರಿಗೆ ಬರಿಗೈ ಹಾಕಬೇಡಿ. ಯೂರಿಯಾ ಜೊತೆ ಹರಳು ಬೆರೆಸುವಾಗಲೂ ಅಷ್ಟೇ. ಅದನ್ನು ಬರಿಗೈಯಲ್ಲಿ ಕಲಸುವುದನ್ನು ನೋಡಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಹಂತ 3: ತಟ್ಟೆಯಲ್ಲಿರುವುದು ಯಾರು ಎಂದು ಗುರುತಿಸಿ

ಮೊದಲು ಕಾಣುವುದು ಕೆಂಪು ದಾರದ ತುಂಡಿನಂಥ ಸಪೂರ ಹುಳು. ಮೀನು ಸಾಕುವವರು ಅಂಗಡಿಯಿಂದ ತರುವ ಟ್ಯೂಬಿಫೆಕ್ಸ್ ಕುಟುಂಬದ್ದೇ, ಎರೆಹುಳುವಿನ ನೆಂಟ. ಇದನ್ನು ತಟ್ಟೆಯಲ್ಲಿ ನೋಡುವುದಕ್ಕಿಂತ ಗಾಜಿನ ಲೋಟದಲ್ಲಿ ನೋಡಬೇಕು. ಮೂರು ಅಂಗುಲ ಕೆಸರು, ಮೇಲೆ ಎರಡು ಅಂಗುಲ ನೀರು ಹಾಕಿ ಹತ್ತಿಪ್ಪತ್ತು ಹುಳು ಬಿಡಿ. ಅರ್ಧ ಗಂಟೆಯೊಳಗೆ ಎಲ್ಲವೂ ತಲೆ ಕೆಳಗೆ ಹೂತು, ಬಾಲವನ್ನು ನೀರಿಗೆ ಚಾಚಿ ಒಂದೇ ಸಮನೆ ಅಲ್ಲಾಡಿಸತೊಡಗುತ್ತವೆ. ಉಸಿರಾಟ ಬಾಲದಿಂದ, ಊಟ ತಲೆಯಿಂದ. ಕೆಳಗಿನ ನುಣ್ಣನೆಯ ಕೆಸರನ್ನು ತಿಂದು ಮೇಲೆ ಹಿಕ್ಕೆಯಾಗಿ ಹಾಕುತ್ತವೆ. ಕೆಲವು ದಿನ ಬಿಟ್ಟು ನೋಡಿದರೆ ಕೆಸರಿನ ಮೇಲ್ಮೈಯಲ್ಲಿ ಹೊಸ ನುಣುಪು ಪದರ ಕೂತಿರುತ್ತದೆ.

ಈ ಉಳುಮೆಯಿಂದ ಎರಡು ಲಾಭ. ನೀರು ನಿಂತ ಗದ್ದೆಯಲ್ಲಿ ಆಮ್ಲಜನಕವಿರುವ ಕಂದು ಪದರ ಮೇಲೆ ತೆಳ್ಳಗೆ, ಅದಿಲ್ಲದ ಬೂದು ಪದರ ಕೆಳಗೆ ಇರುತ್ತದೆ. ಹುಳು ಇವೆರಡನ್ನೂ ಕಲೆಸುವುದರಿಂದ ಮಣ್ಣಿನ ಸಾವಯವ ಸಾರಜನಕ ಬೇಗ ಅಮೋನಿಯವಾಗಿ ಪೈರಿಗೆ ಸಿಗುತ್ತದೆ. ಎರಡನೆಯದು ಇನ್ನೂ ಸೊಗಸು: ಹುಳುವಿನ ಬಾಯಿಗೆ ಹಿಡಿಯದ ಕಳೆಬೀಜಗಳು ಮೇಲೆ ಸುರಿಯುವ ನುಣ್ಣನೆಯ ಹಿಕ್ಕೆಯಡಿ ಹೂತುಹೋಗಿ ಮೊಳೆಯುವುದಿಲ್ಲ. ಜಪಾನಿನಲ್ಲಿ ಕುರಿಹರ ಮತ್ತು ಕಿಕುಚಿ ಎಂಬ ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಕಳೆ ಕೀಳುವ ಕೂಲಿ ಏರುತ್ತಲೇ ಇರುವ ಕಾಲದಲ್ಲಿ ಬಿಟ್ಟಿ ಕೆಲಸ ಮಾಡುವ ಈ ಆಳನ್ನು ನಾವು ದುಡ್ಡು ಕೊಟ್ಟು ಕೊಲ್ಲುತ್ತಿರುತ್ತೇವೆ.

ಇನ್ನೊಂದು ಕೆಂಪು ಹುಳುವೂ ಸಿಗುತ್ತದೆ. ಅದಕ್ಕೆ ತಲೆ ಸ್ಪಷ್ಟ, ಮೈ ಗಿಣ್ಣುಗಿಣ್ಣು. ನೀರಿನಲ್ಲಿ ಮೈಯನ್ನು ಎಂಟರಂತೆ ತಿರುಚುತ್ತ ಈಜುತ್ತದೆ. ಇದು ಕಚ್ಚದ ಸೊಳ್ಳೆಯೊಂದರ ಮರಿ. ನಮ್ಮ ರಕ್ತದಲ್ಲಿರುವಂತೆ ಇದರ ಮೈಯಲ್ಲೂ ಹಿಮೋಗ್ಲೋಬಿನ್ ಇರುವುದರಿಂದಲೇ ಆ ಬಣ್ಣ, ಉಸಿರುಕಟ್ಟುವ ಕೆಸರಿನಲ್ಲಿ ಬದುಕುವ ಶಕ್ತಿ. ಇದರ ನಿಜವಾದ ಬೆಲೆ ರೆಕ್ಕೆ ಬಂದ ಮೇಲೆ ತಿಳಿಯುತ್ತದೆ. ನಾಟಿಯಾದ ಮೊದಲ ತಿಂಗಳು ಗದ್ದೆಯಲ್ಲಿ ಭತ್ತದ ಹುಳುಗಳಿನ್ನೂ ಕಡಿಮೆ. ಆಗ ಜೇಡಗಳಿಗೆ ಹೊಟ್ಟೆಗೆ ಸಿಗುವುದು ಕೊಳೆತದ್ದನ್ನೂ ಪಾಚಿಯನ್ನೂ ತಿಂದು ಬೆಳೆದ ಇಂಥ ಹುಳುಗಳೇ. ಜಾವಾದ ಗದ್ದೆಗಳಲ್ಲಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನ ಈ ಸರಪಳಿಯನ್ನು ಬಿಡಿಸಿ ತೋರಿಸಿತು. ಕೆಸರಿನ ಹುಳು ಇದ್ದರೆ ಜೇಡ ಮೊದಲೇ ನೆಲೆಯೂರುತ್ತದೆ, ಜೇಡ ನೆಲೆಯೂರಿದ್ದರೆ ಆಮೇಲೆ ಬಂದು ಪೈರಿನ ಬುಡದ ರಸ ಹೀರುವ ಕಂದು ಜಿಗಿಹುಳು ತಲೆ ಎತ್ತುವುದು ಕಷ್ಟ. ಹರಳು ಔಷಧಿ ಮೊದಲ ಕೊಂಡಿಯನ್ನೇ ಕತ್ತರಿಸುತ್ತದೆ.

ಲೋಟದಲ್ಲಿ ಬೇರೆ ಇಟ್ಟ ನೀರನ್ನು ಬೆಳಕಿಗೆ ಹಿಡಿಯಿರಿ. ಎರಡು ಚಿಪ್ಪಿನ ನಡುವೆ ಮೈ ಅಡಗಿಸಿಕೊಂಡು ಓಡಾಡುವ, ಸಾಸಿವೆಗಿಂತ ಚಿಕ್ಕ ಜೀವಿಗಳು ಆಸ್ಟ್ರಕೋಡ್‌ಗಳು. ಇವುಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು, ಏಕೆಂದರೆ ಇವು ಪೂರಾ ನಮ್ಮ ಕಡೆಯವಲ್ಲ. ನೀಲಿ-ಹಸಿರು ಪಾಚಿಯನ್ನು ಮೇಯುತ್ತವೆ. ಗಾಳಿಯ ಸಾರಜನಕವನ್ನು ಹಿಡಿದು ಗದ್ದೆಗೆ ಕೊಡುವುದು ಈ ಪಾಚಿ ಎಂಬುದನ್ನು 1939ರಲ್ಲಿ ವಿಜ್ಞಾನಿ ಪಿ.ಕೆ. ಡೇ ತೋರಿಸಿದ್ದರು, ಪಾಚಿ ಚೆನ್ನಾಗಿ ಬೆಳೆದರೆ ಹೆಕ್ಟೇರಿಗೆ 20–30 ಕಿಲೊ ಸಾರಜನಕ ಕೊಟ್ಟೀತು. ಹರಳು ಹಾಕಿದಾಗ ಆಸ್ಟ್ರಕೋಡ್ ಸತ್ತು, ಮೇಯುವವರಿಲ್ಲದೆ ಪಾಚಿ ಹಬ್ಬುತ್ತದೆ. ನೀರು ಹಸಿರಾಗುತ್ತದೆ. ‘ಔಷಧಿ ಹಾಕಿದ ಮೇಲೆ ಗದ್ದೆ ಕಳೆಕಟ್ಟಿತು’ ಎಂಬ ಮಾತಿಗೆ ಇಷ್ಟು ಆಧಾರವಿದೆ. ಆದರೆ ವಿಷದ ಕಸುವು ಇಳಿದಾಗ ಮೊದಲು ಮರಳಿ ಹೆಚ್ಚುವುದೂ ಆಸ್ಟ್ರಕೋಡ್ ಮತ್ತು ಸೊಳ್ಳೆಮರಿಗಳೇ. ಅವುಗಳನ್ನು ಹಿಡಿದು ತಿನ್ನುವ ಕೊಡತಿಕೀಟದ ಮರಿ, ನೀರುತಿಗಣೆಗಳು ಅಷ್ಟು ಬೇಗ ಬರುವುದಿಲ್ಲ.

ಎರೆಹುಳುವನ್ನು ನೀರು ನಿಂತ ಗದ್ದೆಯಲ್ಲಿ ಹುಡುಕಬೇಡಿ, ಬದುವಿನಲ್ಲಿ ನೋಡಿ. ಒಂದಡಿ ಚೌಕದ ಹುಲ್ಲು ಸವರಿ, ಒಂದು ಹಿಡಿ ಸಾಸಿವೆಪುಡಿ ಕಲಸಿದ ಬಕೆಟ್ ನೀರನ್ನು ನಿಧಾನವಾಗಿ ಇಂಗಿಸಿದರೆ ಅವು ತಾವಾಗಿ ಮೇಲೆ ಬರುತ್ತವೆ. ಎಣಿಸಿ, ಬರಿ ನೀರಿನಲ್ಲಿ ತೊಳೆದು ಬಿಡಿ.

ಗದ್ದೆಯೇಡಿಯ ಬಗ್ಗೆ ಒಂದು ಮಾತು. 1970ರ ದಶಕದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಂದಿಗೋಡು ಕಾಯಿಲೆ ಬೆಳಕಿಗೆ ಬಂದಾಗ ಔಷಧಿ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಗುಮಾನಿ ಹಬ್ಬಿತ್ತು. ಮುಂದಿನ ಅಧ್ಯಯನಗಳು ಅದು ವಂಶವಾಹಿಯಿಂದ ಬರುವ ಮೂಳೆ-ಕೀಲಿನ ಕಾಯಿಲೆ ಎಂದವು. ಎಲ್ಲ ಕೇಡನ್ನೂ ಔಷಧಿಯ ತಲೆಗೆ ಕಟ್ಟಬಾರದು ಎನ್ನುವುದಕ್ಕೆ ಇದನ್ನು ಹೇಳಿದೆ. ಔಷಧಿ ಬಿದ್ದ ಗದ್ದೆಯಲ್ಲಿ ಸತ್ತ ಏಡಿ, ಮೀನನ್ನು ಮಾತ್ರ ಆಯ್ದು ತಿನ್ನಲೇಬೇಡಿ.

ಹಂತ 4: ಹುಲ್ಲಿನ ಚೀಲ ಹೂಳಿ

ಯಾರಿದ್ದಾರೆ ಎನ್ನುವುದು ಎಣಿಕೆಯಿಂದ ತಿಳಿಯಿತು. ಕೆಲಸ ನಡೆಯುತ್ತಿದೆಯೇ ಎನ್ನುವುದಕ್ಕೆ ಬೇರೆ ಪರೀಕ್ಷೆ ಇದೆ. ಒಣ ಭತ್ತದ ಹುಲ್ಲನ್ನು ಎರಡಂಗುಲ ತುಂಡು ಮಾಡಿ, 20 ಗ್ರಾಂನಂತೆ ತೂಗಿ ಚೀಲಗಳಲ್ಲಿ ಹೊಲಿಯಿರಿ. ಅರ್ಧ ಚೀಲಗಳು ಒತ್ತು ನೇಯ್ಗೆಯ ನೈಲಾನ್ ಬಟ್ಟೆಯವು, ಅರ್ಧ ಅಗಲ ಕಣ್ಣಿನ ಬಲೆಯವು. ಮೊದಲನೆಯದಕ್ಕೆ ಸೂಕ್ಷ್ಮಜೀವಿ ಮಾತ್ರ ನುಗ್ಗಬಲ್ಲದು. ಎರಡನೆಯದಕ್ಕೆ ಹುಳುವೂ ನುಗ್ಗುತ್ತದೆ. ಪ್ರತಿ ತುಂಡಿನಲ್ಲಿ ಎರಡೂ ಬಗೆಯ ಮೂರು ಮೂರು ಚೀಲಗಳನ್ನು ಎರಡಂಗುಲ ಆಳದಲ್ಲಿ ಹೂತು, ಗೂಟ ನೆಟ್ಟು ದಾರ ಕಟ್ಟಿ.

ಒಂದು ತಿಂಗಳ ನಂತರ ತೆಗೆದು, ಕೆಸರು ತೊಳೆದು, ಬಿಸಿಲಿಗೆ ಗರಿಗರಿಯಾಗುವಂತೆ ಒಣಗಿಸಿ ಅಡುಗೆಮನೆಯ ತಕ್ಕಡಿಯಲ್ಲೇ ತೂಗಿ. ಔಷಧಿ ಇಲ್ಲದ ತುಂಡಿನಲ್ಲಿ ಬಲೆಚೀಲ ಹೆಚ್ಚು ಕರಗಿ, ಔಷಧಿ ಹಾಕಿದ ತುಂಡಿನಲ್ಲಿ ಬಲೆಚೀಲವೂ ಬಟ್ಟೆಚೀಲವೂ ಒಂದೇ ಸಮ ಉಳಿದಿದ್ದರೆ, ಅಲ್ಲಿ ಹುಳುಗಳ ಪಾಲಿನ ಕೆಲಸ ನಿಂತಿದೆ ಎಂದರ್ಥ.

ಹಂತ 5: ಯಾವಾಗ ಎಣಿಸಬೇಕು

ಔಷಧಿಗೆ ಹಿಂದಿನ ದಿನ ಒಮ್ಮೆ. ಆಮೇಲೆ 7, 15, 30ನೆಯ ದಿನ. ಏಳನೆಯ ದಿನದ ಎಣಿಕೆ ಬೆಚ್ಚಿಬೀಳಿಸಬಹುದು, ಅದನ್ನೇ ಹಿಡಿದು ಕೂರಬೇಡಿ. ನೋಡಬೇಕಾದದ್ದು ಮೂವತ್ತನೆಯ ದಿನ ಯಾರು ವಾಪಸು ಬಂದಿದ್ದಾರೆ ಎಂದು. ಕಚ್ಚದ ಸೊಳ್ಳೆಗೆ ರೆಕ್ಕೆಯಿದೆ, ಪಕ್ಕದ ಗದ್ದೆಯಿಂದ ಹಾರಿ ಬಂದು ಮೊಟ್ಟೆಯಿಡುತ್ತದೆ. ಟ್ಯೂಬಿಫೆಕ್ಸ್ ಹುಳುವಿಗೆ ರೆಕ್ಕೆಯಿಲ್ಲ. ಅಳಿದರೆ ಮರಳಲು ಬಹಳ ಕಾಲ ಬೇಕು.

ಹಂತ 6: ಔಷಧಿ ಬೇಕೇ ಎಂದು ತೀರ್ಮಾನಿಸಿ

ಬಿತ್ತನೆಯಾದ ಮೊದಲ 40 ದಿನ ಎಲೆ ತಿನ್ನುವ ಹುಳುಗಳಿಗೆ ಔಷಧಿ ಹೊಡೆಯಬೇಡಿ ಎಂಬ ಪ್ರಚಾರ 1990ರ ದಶಕದಲ್ಲಿ ವಿಯೆಟ್ನಾಮಿನ ಮೆಕಾಂಗ್ ಬಯಲಿನಲ್ಲಿ ದೊಡ್ಡದಾಗಿ ನಡೆಯಿತು. ಆ ಹಂತದಲ್ಲಿ ಎಲೆ ಹರಿದರೂ ಒಂದೆರಡು ಸುಳಿ ಒಣಗಿದರೂ ಪೈರು ಹೊಸ ತೆಂಡೆ ಒಡೆದು ಸರಿದೂಗಿಸಿಕೊಳ್ಳುತ್ತದೆ. ಇಂಡೊನೇಷ್ಯಾ ಇನ್ನೂ ಮುಂದೆ ಹೋಗಿ, ಕಂದು ಜಿಗಿಹುಳುವಿನ ಕಾಟ ಔಷಧಿಯಿಂದಲೇ ಹೆಚ್ಚುತ್ತಿದೆ ಎಂದು ಮನಗಂಡು, 1986ರಲ್ಲಿ ಭತ್ತದ ಮೇಲೆ 57 ಕೀಟನಾಶಕಗಳ ಬಳಕೆಯನ್ನು ಅಧ್ಯಕ್ಷರ ಆದೇಶದಿಂದ ನಿಷೇಧಿಸಿತು.

ಗಂಗಾವತಿ, ಸಿಂಧನೂರು ಭಾಗದವರಿಗೆ ಜಿಗಿಹುಳು ಏನೆಂದು ಹೇಳಿಕೊಡಬೇಕಿಲ್ಲ. ಅಲ್ಲಿ ಅಚ್ಚುಮೆಚ್ಚಿನ ಬಿಪಿಟಿ 5204 ತಳಿ ಅದಕ್ಕೆ ಸುಲಭದ ತುತ್ತು. ಗದ್ದೆ ಸುತ್ತುಸುತ್ತಾಗಿ ಸುಟ್ಟಂತೆ ಒಣಗುವಾಗ ಕೆಸರುಹುಳುವಿನ ಪುರಾಣ ಹೇಳುವುದು ತಪ್ಪು. ಆದರೆ ಬಗ್ಗಿ, ಪೈರಿನ ಬುಡ ತಟ್ಟಿ, ಎಣಿಸಿ. ಜಿಗಿಹುಳು ಬುಡಕ್ಕೆ 10ರಿಂದ 15 ಇದ್ದರೆ ಔಷಧಿಯ ಮಾತು. ಕಾಂಡಕೊರಕದಿಂದ ಒಣಗಿದ ಸುಳಿ ನೂರು ತೆಂಡೆಗೆ ಐದಕ್ಕಿಂತ ಕಡಿಮೆಯಿದ್ದರೆ ಬಿಟ್ಟುಬಿಡಿ. ಎಣಿಸುವಾಗ ಜೇಡಗಳನ್ನೂ ಎಣಿಸಿ. ಬುಡಕ್ಕೊಂದು ಜೇಡವಿದ್ದರೆ ಇನ್ನೂ ಒಂದೆರಡು ದಿನ ಕಾದು ನೋಡಲು ಧೈರ್ಯ ಬರುತ್ತದೆ.

ಹಂತ 7: ಹಾಕಲೇಬೇಕಾದರೆ ಹೀಗೆ

ಹರಳು ಔಷಧಿಯನ್ನು ಗದ್ದೆಯಿಂದ ಸಸಿಮಡಿಗೆ ಸರಿಸಿ. ಎಕರೆ ನಾಟಿಗೆ ಬೇಕಾಗುವ ಸಸಿಮಡಿ ನಾಲ್ಕು ಗುಂಟೆಯಷ್ಟು. ಕಾಂಡಕೊರಕ, ಕಣೆ ನೊಣದ ಕಾಟವಿರುವ ಕಡೆ ಸಸಿ ಕೀಳುವ ಐದಾರು ದಿನ ಮುಂಚೆ ಲೇಬಲ್‌ನಲ್ಲಿ ಹೇಳಿದಷ್ಟನ್ನು ಅಲ್ಲಿ ಹಾಕಿದರೆ, ವಿಷ ಬೀಳುವ ನೆಲ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನನ್ನ ಮಟ್ಟಿಗೆ ಈ ಲೇಖನದ ಏಳು ಹಂತಗಳಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ ಎನ್ನುತ್ತೇನೆ.

ಜಿಗಿಹುಳುವಿಗಾದರೆ ಮೊದಲು ಗದ್ದೆಯ ನೀರು ಬಸಿಯಿರಿ. ಔಷಧಿ ಬೀಳುವ ಮೊದಲೇ ಬಸಿದ ನೀರಾದ್ದರಿಂದ ಕೆಳಗಿನ ಗದ್ದೆಯವರಿಗೂ ತೊಂದರೆಯಿಲ್ಲ. ಎಷ್ಟೋ ಸಲ ಬಸಿದದ್ದರಿಂದಲೇ ಹುಳು ತಗ್ಗುತ್ತದೆ. ತಗ್ಗದಿದ್ದರೆ ಬುಪ್ರೊಫೆಜಿನ್, ಪೈಮೆಟ್ರೋಜಿನ್‌ನಂಥ ಆಯ್ದ ಹುಳುವಿಗೆ ಮಾತ್ರ ನಾಟುವ ಔಷಧಿಯನ್ನು ಬುಡಕ್ಕೆ ಬೀಳುವಂತೆ, ಹುಳು ಕಂಡ ಜಾಗಕ್ಕಷ್ಟೇ ಹೊಡೆಯಿರಿ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯವು ಬೇಡ. ಜೇಡಗಳನ್ನು ಕೊಂದು ಜಿಗಿಹುಳುವನ್ನೇ ಹೆಚ್ಚಿಸುತ್ತವೆ. ಕೆಸರಿಗೆ ಅಂಟಿಕೊಂಡು ನೀರಿನ ಹುಳು, ಮೀನುಗಳಿಗೂ ಕಂಟಕವಾಗುತ್ತವೆ. ಫೋರೇಟ್ ಎಂಬ ಕೀಟನಾಶಕದ ಬಳಕೆ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷಿದ್ಧ. ‘ಹಳೆಯ ಸ್ಟಾಕ್ ಇದೆ’ ಎಂದು ಯಾರಾದರೂ ಕೊಟ್ಟರೆ ಮುಟ್ಟಬೇಡಿ. ಇನ್ನು ‘ಹೊಸ ಔಷಧಿ, ಮಣ್ಣಿಗೆ ಮೃದು’ ಎಂದು ಅಂಗಡಿಯಲ್ಲಿ ಹೇಳುವುದನ್ನು ಅರ್ಧ ನಂಬಿ: ಕ್ಲೋರಾಂಟ್ರಾನಿಲಿಪ್ರೋಲ್ ಎರೆಹುಳುವಿಗೆ ಮೃದುವೇನೋ ಹೌದು, ನೀರುಚಿಗಟದಂಥ ಜೀವಿಗಳಿಗೆ ಅಲ್ಲ.

ಔಷಧಿ ಹಾಕಿದ ಮೇಲೆ ನೀರು ಹೊರಗೆ ಬಿಡಬೇಡಿ. ಜಪಾನಿನಲ್ಲಿ ಏಳು ದಿನ ನೀರು ತಡೆಹಿಡಿಯಬೇಕೆಂಬ ನಿಯಮವಿದೆ. ಅದೇ ದೇಶದ ಶಿಂಜಿ ಸರೋವರದ ಕಥೆ ಕೇಳಿದರೆ ಕಾರಣ ತಿಳಿಯುತ್ತದೆ. ಸುತ್ತಲಿನ ಗದ್ದೆಗಳಲ್ಲಿ 1993ರಿಂದ ಇಮಿಡಾಕ್ಲೋಪ್ರಿಡ್ ಗುಂಪಿನ ಔಷಧಿಗಳ ಬಳಕೆ ಶುರುವಾಯಿತು. ಸರೋವರದ ತೇಲುಜೀವಿಗಳು, ತಳದ ಕೆಂಪು ಹುಳುಗಳು ಕುಸಿದವು. ಅವನ್ನು ತಿಂದು ಬದುಕುವ ವಕಸಗಿ ಮೀನಿನ ಹಿಡಿ ವರ್ಷಕ್ಕೆ 240 ಟನ್ನಿನಿಂದ 22 ಟನ್ನಿಗೆ ಬಿತ್ತು ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಸ್ಪ್ರೇಯರ್ ತೊಳೆದ ನೀರನ್ನೂ ಕಾಲುವೆಗೆ ಚೆಲ್ಲದೆ, ಹೊಡೆದ ಗದ್ದೆಗೇ ಹಾಕಿ.

ಬದುಗಳಿಗೆ ಔಷಧಿ ಸೋಕಿಸಬೇಡಿ. ಜೇಡ, ಎರೆಹುಳುಗಳು ತಲೆಮರೆಸಿಕೊಳ್ಳುವುದು ಅಲ್ಲಿಯೇ. ಮೂವತ್ತನೆಯ ದಿನದ ಎಣಿಕೆಯಲ್ಲೂ ಟ್ಯೂಬಿಫೆಕ್ಸ್ ಕಾಣದಿದ್ದರೆ ಮುಂದಿನ ಹಂಗಾಮಿನ ಕೆಸರು ಹೂಟೆಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ, ಔಷಧಿ ಕಾಣದ ತುಂಡಿನಿಂದ ನಾಲ್ಕಾರು ಬುಟ್ಟಿ ಕೆಸರನ್ನು ತಂದು ಅಲ್ಲಲ್ಲಿ ಹರಡಿ. ಹರಡಿದ ಜಾಗಕ್ಕೆ ಗೂಟ ನೆಟ್ಟು, ನಾಟಿಯಾಗಿ ಒಂದು ತಿಂಗಳಿಗೆ ಅದೇ ಪೈಪನ್ನು ಗೂಟದ ಪಕ್ಕದಲ್ಲೂ ಅಲ್ಲಿಂದ ಹತ್ತು ಹೆಜ್ಜೆ ಆಚೆಯೂ ಇಳಿಸಿ ಎಣಿಸಿ.